ಬೆಂಗಳೂರಿನ ನೀರಿಗೆ ಮೂರು ಹಂತ ಕೇಳುತ್ತೇವೆ, ನಮ್ಮ ಗುಂಡಿಗೆ ಒಂದೂ ಇಲ್ಲ

ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ನಗರಸಭೆ, ಪುರಸಭೆ ಅಧಿಕಾರಿಗಳಿಗೆ, ಇಂಜಿನಿಯರುಗಳಿಗೆ, ಪಂಚಾಯಿತಿ ಪಿಡಿಒಗಳಿಗೆ. ಈ ವರ್ಷ ಮನೆ ಕಟ್ಟಲು ಹೊರಟಿರುವ ಎಲ್ಲರಿಗೂ ಬಹಿರಂಗ ಪತ್ರ

ಮಾನ್ಯರೇ,

ಹೊಸ ಮನೆಯ ಸೆಪ್ಟಿಕ್ ಟ್ಯಾಂಕಿಗೆ ಸ್ಲ್ಯಾಬ್ ಹಾಕುವ ಮುಂಚೆ ಒಂದು ಸಲ ಬಂದು ಒಳಗೆ ಇಣುಕಿ ನೋಡಿ. ಈ ಪತ್ರದಲ್ಲಿ ನಾವು ಮುಖ್ಯವಾಗಿ ಕೇಳುತ್ತಿರುವುದು ಇಷ್ಟೇ. ಮಂಜೂರಾದ ನಕ್ಷೆಯ ಮೂಲೆಯಲ್ಲಿ ಒಂದು ಚೌಕ ಇರುತ್ತದೆ, ಅದರೊಳಗೆ 'ಎಸ್.ಟಿ.' ಎಂಬ ಎರಡಕ್ಷರ ಇರುತ್ತದೆ. ಆ ಜಾಗದಲ್ಲಿ ಕೊನೆಗೆ ಕಟ್ಟಿದ್ದು ಟ್ಯಾಂಕೋ, ತಳವಿಲ್ಲದ ಗುಂಡಿಯೋ ಎಂದು ತಿಳಿದಿರುವುದು ಮೇಸ್ತ್ರಿಗೆ ಮತ್ತು ನಮ್ಮಂಥ ಪೈಪಿನ ಕೆಲಸದವರಿಗೆ ಮಾತ್ರ. ಸ್ಲ್ಯಾಬ್ ಬಿದ್ದು, ಮೇಲೆ ಟೈಲ್ಸ್ ಹಾಕಿ, ಅದರ ಮೇಲೆ ಕಾರು ನಿಂತ ಮೇಲೆ ಯಾರು ಬಂದು ಏನು ನೋಡಿದರೂ ಪ್ರಯೋಜನವಿಲ್ಲ.

ನಮ್ಮ ಎರಡು ಜಿಲ್ಲೆಗಳ ಜನಕ್ಕೆ ಕೊಳಚೆ ನೀರಿನ ಶುದ್ಧೀಕರಣ ಹೊಸ ವಿಷಯವೇನಲ್ಲ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿದಂದಿನಿಂದ ಟೀ ಅಂಗಡಿಯಲ್ಲೂ ಅದರದ್ದೇ ಚರ್ಚೆ. ಕೋಲಾರದ ಕಡೆಗೆ ದಿನಕ್ಕೆ 44 ಕೋಟಿ ಲೀಟರ್, ಅಂಥದ್ದೇ ಎಚ್.ಎನ್. ವ್ಯಾಲಿ ಯೋಜನೆಯಿಂದ ಚಿಕ್ಕಬಳ್ಳಾಪುರದ ಕಡೆಗೆ 21 ಕೋಟಿ ಲೀಟರ್ ಎಂದು ಯೋಜನೆಗಳ ಲೆಕ್ಕ. ಶುದ್ಧೀಕರಣವನ್ನು ಎರಡನೇ ಹಂತಕ್ಕೇ ನಿಲ್ಲಿಸಿದ ನೀರು ನಮಗೆ ಬೇಡ, ಮೂರನೇ ಹಂತವೂ ಆಗಲಿ ಎಂದು ಹೋರಾಟ ನಡೆಯಿತು, ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಬೇಡಿಕೆ ನ್ಯಾಯವಾದದ್ದೇ, ಅದರಲ್ಲಿ ನಮ್ಮದು ಎರಡು ಮಾತಿಲ್ಲ.

ಆ ಹಂತಗಳೆಂದರೇನು ನೋಡಿ. ಮೊದಲನೆಯದು, ಕೊಳಚೆಯನ್ನು ಅಲುಗಾಡದಂತೆ ನಿಲ್ಲಿಸಿ ಗಟ್ಟಿಯನ್ನು ತಳಕ್ಕೆ ಇಳಿಸುವುದು. ಎರಡನೆಯದು, ಗಾಳಿ ಕೊಟ್ಟು, ನೀರಿನಲ್ಲಿ ಕರಗಿದ ಹೊಲಸನ್ನು ಸೂಕ್ಷ್ಮಜೀವಿಗಳಿಂದ ತಿನ್ನಿಸುವುದು. ಮೂರನೆಯದು, ಉಳಿದ ಸಾರಜನಕ, ರಂಜಕ, ರೋಗಾಣುಗಳನ್ನು ಸೋಸಿ ತೆಗೆಯುವುದು. ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕ್ ಮೊದಲ ಹಂತದ ಕೆಲಸ ಮಾಡುತ್ತದೆ. ಅದರಾಚೆಯ ಇಂಗುಗುಂಡಿ ಮೇಲ್ಮಣ್ಣಿನ ಆಳದಲ್ಲೇ ಇದ್ದರೆ, ಎರಡನೇ ಹಂತದ ಬಹುಪಾಲು ಕೆಲಸವನ್ನೂ ಮೂರನೆಯದರಲ್ಲಿ ಒಂದಷ್ಟನ್ನೂ ಮಣ್ಣೇ ಮಾಡಿಕೊಡುತ್ತದೆ. ಕರೆಂಟು ಬೇಡ, ಮೋಟಾರು ಬೇಡ. ಆದರೆ ನಮ್ಮ ಬಡಾವಣೆಗಳಲ್ಲಿ ಆಗುತ್ತಿರುವುದೇ ಬೇರೆ.

ಮೂರಡಿ ಇಲ್ಲವೇ ನಾಲ್ಕಡಿ ಅಗಲದ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಹದಿನೈದು ರಿಂಗು, ಇಪ್ಪತ್ತು ರಿಂಗು, ಕೆಲವು ಕಡೆ ಇನ್ನೂ ಹೆಚ್ಚು. ತಳಕ್ಕೆ ಕಾಂಕ್ರೀಟ್ ಇಲ್ಲ. ಕಕ್ಕಸಿನ ಪೈಪು ನೇರ ಅದಕ್ಕೇ. ಆಳ ಹೆಚ್ಚಾದಷ್ಟೂ ಮನೆ ಯಜಮಾನರಿಗೆ ಸಮಾಧಾನ. "ಇಪ್ಪತ್ತು ವರ್ಷ ಆಯ್ತು, ಒಂದು ಸಲಾನೂ ತುಂಬಿಲ್ಲ ಸಾರ್" ಎಂದು ಹೆಮ್ಮೆಯಿಂದ ಹೇಳುತ್ತಾರೆ. ತುಂಬಿಲ್ಲ ಎಂದರೆ ಅಷ್ಟು ವರ್ಷದ ನೀರು ಕೆಳಗೆಲ್ಲಿಗೋ ಹೋಗಿದೆ ಎಂದರ್ಥ. ನಮ್ಮಲ್ಲಿ ಮೇಲೆ ಕೆಂಪು ಮಣ್ಣು, ಅದರಡಿ ಗರಸು, ಅದರಡಿ ಬಿರುಕು ಬಿಟ್ಟ ಗ್ರಾನೈಟ್ ಬಂಡೆ. ಮಣ್ಣು ಸೋಸುತ್ತದೆ, ಬಂಡೆಯ ಬಿರುಕು ಸೋಸುವುದಿಲ್ಲ. ಅದು ನೀರಿಗೆ ಸಿಕ್ಕ ಓಣಿ ಅಷ್ಟೆ. ಹೊಲಸು ತಿನ್ನುವ ಸೂಕ್ಷ್ಮಜೀವಿಗಳು ಗಾಳಿಯಾಡುವ ಮೇಲಿನ ಐದಾರು ಅಡಿ ಮಣ್ಣಿನಲ್ಲಿ ದಟ್ಟವಾಗಿರುತ್ತವೆ. ಇಪ್ಪತ್ತು ಅಡಿ ಗುಂಡಿ ತೋಡುವವರು ಆ ಮಣ್ಣನ್ನು ದಾಟಿ, ಕೊಳಚೆಯನ್ನು ಬಂಡೆಯ ಬಾಯಿಗೇ ಒಯ್ದು ಸುರಿದಂತಾಯಿತು.

ಇದಕ್ಕಿಂತ ಕೆಟ್ಟದ್ದೊಂದಿದೆ: ಬತ್ತಿದ ಬೋರ್‌ವೆಲ್ಲಿಗೆ ಕಕ್ಕಸಿನ ಪೈಪು ಇಳಿಸುವುದು. ಅದೇ ಬಿರುಕಿನ ಇನ್ನೊಂದು ತುದಿಯಲ್ಲಿ ಪಕ್ಕದ ಬೀದಿಯವರ ಬೋರು ಇರಬಹುದು. ಇದನ್ನು ಕಟ್ಟಡದ ನಿಯಮ ಮೀರಿದ್ದೆಂದು ಸುಮ್ಮನೆ ದಂಡ ಹಾಕಿ ಬಿಡುವಂತಿಲ್ಲ. ಅದು ನೀರಿಗೆ ವಿಷ ಹಾಕಿದ ಹಾಗೆ. ಹಾಗೆಂದೇ ಕ್ರಮವಾಗಲಿ.

ಹೀಗೆ ಹೊಲಸು ಸೇರಿದ ಬೋರ್ ನೀರಿನಲ್ಲಿ ಮೊದಲು ಏರುವುದು ನೈಟ್ರೇಟ್, ಮಲಮೂತ್ರದ ಸಾರಜನಕದಿಂದ ಆಗುವ ಲವಣ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ ಅಪಾಯ ಹೆಚ್ಚು: ರಕ್ತ ಆಮ್ಲಜನಕ ಸಾಗಿಸಲಾಗದೆ ಮೈ ನೀಲಿಗಟ್ಟುತ್ತದೆ. ನಮ್ಮ ಕಡೆ ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು. ಅದು ಬಂಡೆಯಿಂದ ಬಂದದ್ದು, ನಾವು ತಂದದ್ದಲ್ಲ. ನೈಟ್ರೇಟ್ ಹಾಗಲ್ಲ. ಹೊಲದ ಗೊಬ್ಬರದ ಪಾಲು ಬಿಟ್ಟರೆ ಉಳಿದದ್ದರಲ್ಲಿ ಹೆಚ್ಚಿನದು ಗುಂಡಿ ಮತ್ತು ಕೊಟ್ಟಿಗೆಯದು.

ಗುಂಡಿಗೂ ಬಾವಿಗೂ ನಂಟು ಬಿದ್ದರೆ ಏನಾಗುತ್ತದೆಂದು ಲೋಕಕ್ಕೆ ಗೊತ್ತಾದದ್ದು 1854ರಲ್ಲಿ, ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ. ಅಲ್ಲಿ ಕಾಲರಾಕ್ಕೆ ಆರುನೂರಕ್ಕೂ ಹೆಚ್ಚು ಜನ ಸತ್ತರು. ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತಿಸಿ, ಒಂದೇ ಪಂಪಿನ ನೀರಿನ ಕಡೆ ಬೆರಳು ತೋರಿಸಿ, ಅದರ ಹಿಡಿ ಬಿಚ್ಚಿಸಿದ. ಕಡಿಮೆ ಜನಕ್ಕೆ ಗೊತ್ತಿರುವುದು ಅದರ ಮುಂದಿನ ಭಾಗ. ಆಮೇಲೆ ಅಗೆದು ನೋಡಿದಾಗ ಪಕ್ಕದ ಮನೆಯ ಮಲಗುಂಡಿಯ ಇಟ್ಟಿಗೆಗಳು ಸವೆದು ಸಡಿಲವಾಗಿದ್ದವು. ಆ ಗುಂಡಿಗೂ ಬಾವಿಗೂ ನಡುವೆ ಇದ್ದದ್ದು ಮೂರಡಿಗಿಂತ ಕಡಿಮೆ.

ನಮ್ಮ 30×40 ಸೈಟುಗಳ ಕಡೆ ಈಗ ಬನ್ನಿ. ಇಂಗುಗುಂಡಿ ಬಾವಿಯಿಂದ 18 ಮೀಟರ್ ದೂರ ಇರಬೇಕು ಎನ್ನುತ್ತದೆ ಮಾನಕ. ಸೈಟಿನ ಉದ್ದವೇ 12 ಮೀಟರ್. ಅಂದರೆ ಅದೇ ಸೈಟಿನಲ್ಲಿ ಬೋರೂ ಗುಂಡಿಯೂ ಇದ್ದರೆ ನಿಯಮ ಪಾಲಿಸಲು ಸಾಧ್ಯವೇ ಇಲ್ಲ. ಈ ಲೆಕ್ಕ ತಿಳಿದೂ ಒಳಚರಂಡಿ ಇಲ್ಲದ ಬಡಾವಣೆಗೆ ಒಪ್ಪಿಗೆ ಕೊಡುವುದು ಯಾವ ನ್ಯಾಯ? ಇಂಥ ಬಡಾವಣೆಗಳಿಗೆ ಯುಜಿಡಿಯೋ (ನೆಲದಡಿಯ ಒಳಚರಂಡಿ), ಬಡಾವಣೆಗೊಂದು ಸಣ್ಣ ಶುದ್ಧೀಕರಣ ಘಟಕವೋ ಬೇಕೇಬೇಕು. ಅದು ಬರುವವರೆಗೆ ಒಂದಾದರೂ ಆಗಲಿ: ಬೋರ್ ಕೊರೆಯುವಾಗ ಕೇಸಿಂಗ್ ಪೈಪು ಗಟ್ಟಿ ಬಂಡೆಗೆ ಕೂರುವವರೆಗೆ ಇಳಿಯಲಿ, ಪೈಪಿನ ಸುತ್ತಲ ಸಂದಿಗೆ ಸಿಮೆಂಟ್ ಹಾಲು ಸುರಿಯಲಿ. ಆ ಸಂದಿಯನ್ನು ಹಾಗೇ ಬಿಟ್ಟರೆ ಮೇಲಿನ ಹೊಲಸು ಪೈಪಿನ ಹೊರಮೈ ಹಿಡಿದು ನೇರ ಕೆಳಗಿಳಿಯುತ್ತದೆ.

ಇನ್ನು ಟ್ಯಾಂಕಿನ ಅಳತೆ. ಐದು ಜನರ ಮನೆಗೆ ಒಳಗಿನ ಉದ್ದ 1.5 ಮೀಟರ್, ಅಗಲ 75 ಸೆಂಟಿಮೀಟರ್, ನೀರಿನ ಆಳ 1 ಮೀಟರ್. ಅಂದರೆ ಸುಮಾರು ಐದಡಿ, ಎರಡೂವರೆ ಅಡಿ, ಮೂರೂಕಾಲು ಅಡಿ. ಅದರ ಮೇಲೆ ಸ್ಲ್ಯಾಬಿನವರೆಗೆ ಒಂದಡಿ ಖಾಲಿ ಜಾಗ. ಕೆಳಗೆ ಯಜಮಾನರು, ಮೇಲೆ ಎರಡು ಮಹಡಿ ಬಾಡಿಗೆ, ಒಟ್ಟು ಇಪ್ಪತ್ತು ಜನ ಇದ್ದರೆ 2.3 ಮೀಟರ್ ಉದ್ದ, 1.1 ಮೀಟರ್ ಅಗಲ, ಆಳ 1.3ರಿಂದ 1.8 ಮೀಟರ್, ಎಷ್ಟು ವರ್ಷಕ್ಕೊಮ್ಮೆ ಖಾಲಿ ಮಾಡಿಸುತ್ತೀರಿ ಎಂಬುದರ ಮೇಲೆ. ಉದ್ದ ಯಾವಾಗಲೂ ಅಗಲದ ಎರಡರಿಂದ ನಾಲ್ಕು ಪಟ್ಟು ಇರಲಿ. ಚೌಕ ಟ್ಯಾಂಕು ಕಟ್ಟಿದರೆ ಈ ಕಡೆಯಿಂದ ಬಂದದ್ದು ಗಟ್ಟಿ ಇಳಿಯುವ ಮುಂಚೆಯೇ ಆ ಕಡೆಯಿಂದ ಹೊರಬೀಳುತ್ತದೆ. ದೊಡ್ಡ ಟ್ಯಾಂಕಿಗೆ ನಡುವೆ ಗೋಡೆ ಬೇಕು, ಒಳಬರುವ ಕಡೆಯಿಂದ ಮೂರನೇ ಎರಡು ಭಾಗದ ಹತ್ತಿರ. ಆ ಗೋಡೆಯ ತೂತು ನೀರಿನ ಮಧ್ಯದ ಮಟ್ಟದಲ್ಲಿರಬೇಕು. ಮೇಲಿದ್ದರೆ ತೇಲುವ ಕೆನೆ ದಾಟುತ್ತದೆ, ತಳದಲ್ಲಿದ್ದರೆ ಕೆಸರು ದಾಟುತ್ತದೆ.

ಹೆಚ್ಚು ತಪ್ಪಾಗುವುದು ಪೈಪು ಕೂರಿಸುವಲ್ಲಿ. ಹೊರಹೋಗುವ ಪೈಪು ಒಳಬರುವುದಕ್ಕಿಂತ ಎರಡರಿಂದ ಮೂರು ಇಂಚು ಕೆಳಗಿರಬೇಕು. ಎರಡೂ ಒಂದೇ ಮಟ್ಟದಲ್ಲಿದ್ದರೆ ನೀರು ಹಿಂದಕ್ಕೆ ನಿಂತು, ಕಕ್ಕಸಿನ ಬೇಸಿನ್ ತುಂಬಿಕೊಳ್ಳುತ್ತದೆ; ಮನೆಯವರು ಪೈಪು ಕಟ್ಟಿದೆ ಎಂದು ಆಸಿಡ್ ಸುರಿಯುತ್ತಾರೆ. ಎರಡೂ ಬಾಯಿಗೆ 'ಟೀ' (ಇಂಗ್ಲಿಷಿನ T ಆಕಾರದ ಪೈಪು ತುಂಡು) ಹಾಕಿ, ಅದರ ಕೆಳಗಿನ ಕಾಲು ನೀರಿನೊಳಗೆ ಒಂದಡಿ ಇಳಿಯಬೇಕು. ನೂರಿನ್ನೂರು ರೂಪಾಯಿಯ ಈ ಟೀ ಉಳಿಸಲು ಹೋಗಿ ಇಂಗುಗುಂಡಿಯನ್ನೇ ಕೆಡಿಸಿಕೊಂಡವರು ಬಹಳ. ಹೊರಬಾಯಿಗೆ ಟೀ ಇಲ್ಲದಿದ್ದರೆ ಮೇಲೆ ತೇಲುವ ಎಣ್ಣೆ ಜಿಡ್ಡು ನೇರ ಇಂಗುಗುಂಡಿಗೆ ಹೋಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ಆ ಗುಂಡಿ ಹೀರುವುದಿಲ್ಲ, ಹೊಸದಾಗಿ ತೋಡುವುದೇ ಗತಿ.

ಒಳಗೋಡೆಗೂ ತಳಕ್ಕೂ ಗಾರೆ ಆದ ಮೇಲೆ, ಕ್ಯೂರಿಂಗ್ ಮುಗಿದ ಮೇಲೆ, ಟ್ಯಾಂಕಿಗೆ ಹೊರಪೈಪಿನ ಮಟ್ಟದವರೆಗೆ ನೀರು ತುಂಬಿ. ಗೋಡೆ ನೀರು ಕುಡಿಯುವುದು ನಿಂತ ನಂತರ ಬಳಪದಲ್ಲಿ ಗೆರೆ ಎಳೆದು ಒಂದು ದಿನ ಬಿಡಿ. ಮಟ್ಟ ಇಳಿದರೆ ಸೋರುತ್ತಿದೆ ಎಂದರ್ಥ, ಸ್ಲ್ಯಾಬ್ ಹಾಕಬೇಡಿ. ಆ ನೀರನ್ನು ಹೊರಚೆಲ್ಲುವ ಅಗತ್ಯವೂ ಇಲ್ಲ. ಟ್ಯಾಂಕು ನೀರು ತುಂಬಿಯೇ ಕೆಲಸ ಶುರು ಮಾಡಬೇಕು. ಸ್ಲ್ಯಾಬಿನಲ್ಲಿ ಪ್ರತಿ ಕೋಣೆಗೆ ಒಂದರಂತೆ ಮುಚ್ಚಳ ಇರಲಿ, ಅವು ಟೈಲ್ಸ್ ಅಡಿ ಹೂತುಹೋಗದಿರಲಿ. ಗಾಳಿ ಪೈಪು ಮನೆಯ ಮಾಳಿಗೆಗಿಂತ ಮೇಲೇಳಲಿ, ತುದಿಗೆ ಸೊಳ್ಳೆ ಪರದೆ ಕಟ್ಟಲಿ. ಮಳೆನೀರಿನ ಪೈಪನ್ನು ಯಾವ ಕಾರಣಕ್ಕೂ ಇದಕ್ಕೆ ಕೂಡಿಸಬೇಡಿ. ಒಂದು ಜೋರು ಮಳೆಗೆ ತಳದ ಕೆಸರೆಲ್ಲ ಕದಡಿ ಹೊರಗೆ ಹರಿಯುತ್ತದೆ. ಯುಜಿಡಿ ಇರುವ ಬೀದಿಗಳಲ್ಲೂ ಇದೇ ತಪ್ಪು: ಮಾಳಿಗೆ ನೀರನ್ನು ಯುಜಿಡಿಗೆ ಬಿಟ್ಟು, ಮ್ಯಾನ್‌ಹೋಲ್ ಉಕ್ಕಿದಾಗ ನಗರಸಭೆಯನ್ನು ಬೈಯುವುದು.

ಹಳ್ಳಿಯ ಮನೆಗಳಿಗೆ ಇಷ್ಟೆಲ್ಲ ಬೇಡ. ಜಾಗ ಇರುವ ಕಡೆ ಅವಳಿ ಗುಂಡಿ ಸಾಕು, ಖರ್ಚೂ ಕಡಿಮೆ. ಒಂದು ಮೀಟರ್ ಅಗಲ, ಒಂದರಿಂದ ಒಂದೂಕಾಲು ಮೀಟರ್ ಆಳದ ಎರಡು ಗುಂಡಿ, ನಡುವೆ ಕನಿಷ್ಠ ಒಂದು ಮೀಟರ್ ಅಂತರ. ಗೋಡೆಗೆ ಸಂದಿ ಬಿಟ್ಟು ಇಟ್ಟಿಗೆ ಜೋಡಿಸಿ; ಗುಂಡಿ ಮೇಲ್ಮಣ್ಣಿನ ಆಳದಲ್ಲೇ ಇರುವುದರಿಂದ ಇಲ್ಲಿ ತಳ ಮಣ್ಣೇ ಇರಲಿ. ಮೊದಲು ಒಂದು ಚಿಕ್ಕ ಚೇಂಬರ್, ಅಲ್ಲಿಂದ 'ವೈ' ಆಕಾರದ ಕವಲು. ಒಂದು ಕವಲನ್ನು ಮುಚ್ಚಿ ಇನ್ನೊಂದನ್ನು ಬಳಸುವುದು. ಇಳಿಜಾರು ಹೆಚ್ಚಿರುವ ಬೇಸಿನ್ ಹಾಕಿದರೆ ಎರಡು ಲೀಟರ್ ನೀರಿಗೆ ತೊಳೆದುಹೋಗುತ್ತದೆ. ನೀರಿಗೆ ಬರವಿರುವ ನಮ್ಮ ಊರುಗಳಿಗೆ ಹೇಳಿ ಮಾಡಿಸಿದ್ದು. ಒಂದು ಗುಂಡಿ ತುಂಬಿದಾಗ ಕವಲು ಬದಲಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟಬೇಡಿ. ಆಮೇಲೆ ತೆಗೆದರೆ ವಾಸನೆಯಿಲ್ಲದ ಗೊಬ್ಬರ. ಆದರೆ ಸಬ್ಸಿಡಿ ಬಿಲ್ಲಿಗಾಗಿ ಎರಡು ಮುಚ್ಚಳ ತೋರಿಸಿ ಒಂದೇ ಗುಂಡಿ ತೋಡಿರುವುದು, ಇಲ್ಲವೇ ಎರಡನ್ನೂ ಒಂದಕ್ಕೊಂದು ಪೈಪು ಹಾಕಿ ಕೂಡಿಸಿರುವುದು ಉಂಟು. ಕೂಡಿಸಿದರೆ ಎರಡೂ ಹಸಿಯಾಗಿಯೇ ಉಳಿಯುತ್ತವೆ, ಗೊಬ್ಬರವಾಗುವ ಮಾತೇ ಇಲ್ಲ.

ಮನೆಯೊಳಗಿನ ದೂರುಗಳಲ್ಲಿ ಮುಕ್ಕಾಲು ಪಾಲು ಎರಡೇ ಕಾರಣಕ್ಕೆ. ಒಂದು, ಇಳಿಜಾರು. ನಾಲ್ಕಿಂಚಿನ ಪೈಪಿಗೆ ಹತ್ತಡಿಗೆ ಎರಡರಿಂದ ಮೂರು ಇಂಚು ಇಳುಕಲು ಸಾಕು. ಕಡಿಮೆಯಾದರೆ ಗಟ್ಟಿ ನಿಲ್ಲುತ್ತದೆ. ವಿಪರೀತ ಹೆಚ್ಚಾದರೂ ನೀರು ಮುಂದೆ ಓಡಿ ಗಟ್ಟಿ ಹಿಂದೆ ಉಳಿಯುತ್ತದೆ. ಇನ್ನೊಂದು, ಟ್ರ್ಯಾಪ್. ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬಾತ 1775ರಲ್ಲಿ ಪೇಟೆಂಟ್ ಮಾಡಿಸಿದ ಬಾಗಿದ ಪೈಪು ಇವತ್ತಿಗೂ ನಮ್ಮ ಕಮೋಡಿನ ಅಡಿ ಇದೆ. ಆ ಬಾಗಿನಲ್ಲಿ ನಿಂತ ಎರಡು ಇಂಚು ನೀರೇ ಮನೆಗೂ ಗುಂಡಿಯ ಗಾಳಿಗೂ ನಡುವಿನ ಬಾಗಿಲು. ಬಚ್ಚಲಿಗೆ ಟ್ರ್ಯಾಪ್ ಇಲ್ಲದೆ ಬರೀ ಜಾಲರಿ ಕೂರಿಸಿದರೆ ಆ ಬಾಗಿಲೇ ಇಲ್ಲ. ಟ್ರ್ಯಾಪ್ ಇದ್ದೂ ವಾಸನೆ ಬಂದರೆ ಗಾಳಿ ಪೈಪು ನೋಡಿ. ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಕೆಳಗಿನ ಬಚ್ಚಲು ಗೊಳಗೊಳ ಎಂದರೆ, ಪೈಪಿನ ಮೇಲ್ತುದಿಯನ್ನು ಯಾರೋ ಮುಚ್ಚಿದ್ದಾರೆ, ಗಾಳಿ ಸಾಲದೆ ಟ್ರ್ಯಾಪಿನ ನೀರನ್ನು ಎಳೆದುಕೊಳ್ಳುತ್ತಿದೆ.

ನೀರು ಬಿಡುವ ಪೈಪಿನ ಮಾತು ಅಧಿಕಾರಿಗಳಿಗೆ. ಚರಂಡಿಯನ್ನು ಸೀಳಿಕೊಂಡು ಹೋಗುವ ಮನೆ ನಲ್ಲಿಯ ಪೈಪುಗಳು ನಮ್ಮ ಹಳೇ ಬೀದಿಗಳಲ್ಲೆಲ್ಲ ಕಾಣುತ್ತವೆ. ನೀರು ಬಿಟ್ಟಾಗ ಒಳಗೆ ಒತ್ತಡ ಇರುತ್ತದೆ, ಸೋರಿದರೂ ಹೊರಕ್ಕೆ ಸೋರುತ್ತದೆ. ವಾಲ್ವ್ ಮುಚ್ಚಿದ ಮೇಲೆ ಪೈಪು ಬರಿದಾಗುತ್ತಾ ಒಳಕ್ಕೆ ಎಳೆಯುತ್ತದೆ, ಅದೇ ತೂತಿನಿಂದ ಚರಂಡಿ ನೀರು ಒಳಬರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಪೈಪು ಬರಿದಾಗಿರುವ ಹೊತ್ತೇ ಹೆಚ್ಚು. ಜೊತೆಗೆ ಲೈನಿಗೇ ಮೋಟಾರು ಹಾಕಿ ಎಳೆಯುವವರು ಇಡೀ ಬೀದಿಯ ಪಾಲಿಗೆ ಈ ಎಳೆತವನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಆದ್ದರಿಂದ ನೀರು ಬಂದ ಮೊದಲ ಕೆಲವು ನಿಮಿಷದ ನೀರನ್ನು ಸಂಪಿಗೆ ಬಿಡಬೇಡಿ ಎಂದು ಜನಕ್ಕೆ ಹೇಳಿ. ಹೊಸ ಕೆಲಸಗಳಲ್ಲಿ ನೀರಿನ ಕೊಳವೆಗೂ ಒಳಚರಂಡಿಗೂ ಅಡ್ಡಲಾಗಿ 3 ಮೀಟರ್ ಅಂತರ, ಒಂದನ್ನೊಂದು ದಾಟುವಲ್ಲಿ ನೀರಿನದು ಅರ್ಧ ಮೀಟರ್ ಮೇಲೆ ಎಂಬ ನಿಯಮವನ್ನು ಗುತ್ತಿಗೆದಾರರಿಂದ ಮಾಡಿಸಿ. ಬೀದಿಯ ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ನೋಡಿ. ಮೊದಲ ಮನೆಯಲ್ಲಿ ನೋಡಿ ರಿಜಿಸ್ಟರಿಗೆ ಬರೆದರೆ ಏನೂ ತಿಳಿಯುವುದಿಲ್ಲ.

ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯ ಮಹನೀಯರ ಫೋಟೋಗೆ ಹೂವು ಹಾಕದ ಕಚೇರಿ ನಮ್ಮ ಜಿಲ್ಲೆಯಲ್ಲಿಲ್ಲ. ವಿಶ್ವೇಶ್ವರಯ್ಯನವರೆಂದರೆ ಅಣೆಕಟ್ಟು ಎಂದೇ ಎಲ್ಲರ ನೆನಪು. ಕನ್ನಂಬಾಡಿಗೆ ಮುಂಚೆ ಅವರು ಬಾಂಬೆ ಸರ್ಕಾರದಲ್ಲಿ ಸ್ಯಾನಿಟರಿ ಇಂಜಿನಿಯರ್ ಆಗಿದ್ದರು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ನೀರು ಕೊಡುವಾಗ, ಕೆಸರು ಸೋಸುವ ಘಟಕಕ್ಕೆ ಹಣವಿಲ್ಲದೆ ಸಿಂಧೂ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ ಮರಳಿನಿಂದಲೇ ನೀರು ಸೋಸಿಕೊಂಡರು. 1906ರಲ್ಲಿ ಏಡನ್ ಊರಿನ ನೀರು ಮತ್ತು ಚರಂಡಿಯ ವರದಿ ಕೊಟ್ಟರು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಒಳಚರಂಡಿಯ ಯೋಜನೆ ಹಾಕಿಕೊಟ್ಟರು. ಆ ದಿನ ಹಾರದ ಜೊತೆಗೆ ನಿಮ್ಮ ಊರಿನ ಚರಂಡಿಗಳ ನಕ್ಷೆ ಎಷ್ಟು ಪೂರ್ತಿಯಾಗಿದೆ ಎಂದೂ ಮೇಜಿನ ಮೇಲೆ ಹರಡಿ ನೋಡಿದರೆ ಚೆನ್ನ.

ಇದೇ ನೆಲದ ಇನ್ನೊಂದು ಮುಖ ಕೆ.ಜಿ.ಎಫ್. ಚಿನ್ನ ತೆಗೆಯಲು ಭೂಮಿಯೊಳಗೆ ಮೈಲಿಗಟ್ಟಲೆ ಇಳಿದ ಊರಿನಲ್ಲಿ, ಕಾರ್ಮಿಕರ ಕಾಲೊನಿಗಳ ಒಣ ಪಾಯಿಖಾನೆಗಳನ್ನು ಮನುಷ್ಯರೇ ಬಳಿದರು. 1970ರ ದಶಕದಲ್ಲೇ, ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ಮಲ ಹೊರುವುದನ್ನು ನಿಷೇಧಿಸಿದ್ದರು. ಕೆ.ಜಿ.ಎಫ್.ನಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅಲ್ಲಿಂದ ಶುರು ಮಾಡಿದ ಹೋರಾಟಕ್ಕೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಗಟ್ಟಿಯಾದದ್ದು. ರಕ್ಷಣೆಯಿಲ್ಲದೆ ಯಾರನ್ನಾದರೂ ಗುಂಡಿಗೆ ಇಳಿಸಿದರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಸತ್ತರೆ 30 ಲಕ್ಷ ಪರಿಹಾರ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆ ಯಜಮಾನರು ಇದನ್ನು ಎರಡು ಸಲ ಓದಿಕೊಳ್ಳಿ.

ಸಾವು ಹೇಗಾಗುತ್ತದೆಂದೂ ತಿಳಿದಿರಲಿ. ಮುಚ್ಚಿದ ಟ್ಯಾಂಕಿನಲ್ಲಿ ಆಮ್ಲಜನಕ ಇರುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಅದು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಪ್ರಮಾಣ ಹೆಚ್ಚಾದಾಗ ಅದು ಮೊದಲು ಕೊಲ್ಲುವುದು ಮೂಗನ್ನು. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಕೆಲವೇ ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಹಿಂದೆಯೇ ಇಳಿದವನೂ ಬೀಳುತ್ತಾನೆ. ಮುಚ್ಚಳ ತೆಗೆದು ಗಂಟೆಗಟ್ಟಲೆ ಬಿಟ್ಟರೂ ಕೆಸರು ಕದಡಿದ ಕ್ಷಣ ಅನಿಲ ಮತ್ತೆ ಏಳುತ್ತದೆ. ಬೆಂಕಿಕಡ್ಡಿ ಗೀರಿ ನೋಡುವುದಂತೂ ಬೇಡವೇ ಬೇಡ, ಒಳಗೆ ಮೀಥೇನ್ ಇರುತ್ತದೆ. ಮನುಷ್ಯ ಇಳಿಯಬೇಕಾದ ಕೆಲಸವೇ ಅದಲ್ಲ. ಹೀರುವ ಲಾರಿ ಕರೆಸಿ.

ಲಾರಿ ಹೀರಿದ್ದನ್ನು ಎಲ್ಲಿ ಸುರಿಯುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ರಾತ್ರಿ ರಾಜಕಾಲುವೆಗೆ, ಕೆರೆ ಅಂಚಿಗೆ ಬಿಟ್ಟರೆ ಇಲ್ಲಿಯವರೆಗೆ ಹೇಳಿದ್ದೆಲ್ಲ ವ್ಯರ್ಥ. ದೇವನಹಳ್ಳಿಯಲ್ಲಿ 2015ರಿಂದ ಮಲಕೆಸರು ಶುದ್ಧೀಕರಣ ಘಟಕವಿದೆ. ಕೆಸರನ್ನು ಕೊಳೆಸಿ, ಹಾಸುಗಳ ಮೇಲೆ ಒಣಗಿಸಿ, ಊರಿನ ಹಸಿ ಕಸದ ಜೊತೆ ಗೊಬ್ಬರ ಮಾಡುವುದು ಅಲ್ಲಿನ ಕ್ರಮ. ಚಿಕ್ಕಬಳ್ಳಾಪುರದಿಂದ ಹೆದ್ದಾರಿಯಲ್ಲಿ ಒಂದು ಗಂಟೆಯೂ ಬೇಡ, ಸದಸ್ಯರೆಲ್ಲ ಹೋಗಿ ನೋಡಿಬರಬಹುದು. ನಮ್ಮ ಪ್ರತಿ ತಾಲ್ಲೂಕಿಗೆ ಅಂಥ ಒಂದು ಜಾಗ ಬೇಕು. ಲಾರಿಯವರಿಗೆ ಲೈಸೆನ್ಸು, ಸುರಿದದ್ದಕ್ಕೆ ರಸೀದಿ ಬೇಕು. ಎರಡು-ಮೂರು ವರ್ಷಕ್ಕೊಮ್ಮೆ ವಾರ್ಡಿನ ಪ್ರಕಾರ ಸರದಿ ಹಾಕಿ ಖಾಲಿ ಮಾಡಿಸಿದರೆ, ಉಕ್ಕಿ ಬೀದಿಗೆ ಬಂದ ದಿನ ಲಾರಿಗೆ ಪರದಾಡುವುದು ತಪ್ಪುತ್ತದೆ. ಖಾಲಿ ಮಾಡುವಾಗ ಪೂರ್ತಿ ತೊಳೆಯಬೇಡಿ, ತಳದಲ್ಲಿ ಒಂದೆರಡು ಇಂಚು ಕೆಸರು ಉಳಿಯಲಿ. ಮುಂದಿನ ಸೂಕ್ಷ್ಮಜೀವಿಗಳಿಗೆ ಅದೇ ಹೆಪ್ಪು.

ಮೊದಲು ಹೇಳಿದ ತಪಾಸಣೆಗೆ ಸಿಬ್ಬಂದಿ ಸಾಲದು ಎಂಬ ಉತ್ತರ ಬರುತ್ತದೆಂದು ಗೊತ್ತು. ಹಾಗಾದರೆ ಕಾಯಂ ನೀರಿನ ಸಂಪರ್ಕದ ಅರ್ಜಿಗೆ ಮೂರು ಫೋಟೋ ಲಗತ್ತಿಸಬೇಕೆಂದು ಮಾಡಿ. ಒಂದು, ಸ್ಲ್ಯಾಬ್ ಇಲ್ಲದ ಟ್ಯಾಂಕಿನ ಒಳಗೆ ಟೇಪು ಹಿಡಿದು ತೆಗೆದದ್ದು, ತಳದ ಕಾಂಕ್ರೀಟ್ ಕಾಣುವಂತೆ. ಇನ್ನೊಂದು, ಎರಡೂ ಟೀ ಮತ್ತು ನಡುಗೋಡೆ ಇದ್ದರೆ ಅದೂ. ಮೂರನೆಯದು, ನೀರು ತುಂಬಿ ಬಳಪದ ಗೆರೆ ಎಳೆದದ್ದು. ಫೋಟೋದ ಹಿಂದೆ ಮೇಸ್ತ್ರಿಯ ಸಹಿ, ಪ್ಲಂಬರ್ ಸಹಿ ಇರಲಿ. ನಮ್ಮ ಸಹಿ ಹಾಕಲು ನಾವು ಸಿದ್ಧ. ಸುಳ್ಳು ಫೋಟೋ ಕೊಟ್ಟವರಿಗೆ ಮುಂದಿನ ಕೆಲಸದ ಲೈಸೆನ್ಸ್ ಕೊಡಬೇಡಿ. ಅದರಲ್ಲಿ ನಮ್ಮವರೇ ಇದ್ದರೂ ಸರಿ. ಮುಂದಿನ ಸಾಮಾನ್ಯ ಸಭೆಯ ಅಜೆಂಡಾಕ್ಕೆ ಇದೊಂದು ಸಾಲನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇವೆ.

ಇಂತಿ,
ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಕಡೆ ಪೈಪು ಎಳೆಯುವ, ಟ್ಯಾಂಕು ಕಟ್ಟುವ ಕೆಲಸದವರು